ದಾಳಿಂಬ್ರಿ ಪಂಚಿಗೆ ಬೀಗರು ತೂರಾಡಿದ್ದು

"ತೋರಣಗಲ್ಲು ಸ್ಟೀಲ್ ಪ್ಲಾಂಟ್‌ನಾಗ ದಿನಾ ಹಾಜರಿಗೆ ಪಂಚ್ ಹೊಡೀತಿ, ನಮ್ಮನ್ಯಾಗೂ ಒಂದು ಪಂಚ್ ಹೊಡಿಯಲೇ!" ಅಂತ ನನ್ನ ತಂಗಿ ಮಗ ವೀರೇಶನ ಕೈಗೆ ಗ್ಲಾಸ್ ಇಟ್ಟೆ. ಹೊಸಪೇಟಿ ನಮ್ಮ ಮನ್ಯಾಗ ಅವತ್ತು ಬೀಗರಿಗೆಲ್ಲಾ ಹೊಸ ವರ್ಷದ ಊಟ. ದಾಳಿಂಬ್ರಿ ರಸ, ಕಬ್ಬಿನ ಹಾಲು, ಶುಂಠಿ, ನಿಂಬಿಕಾಯಿ, ಸೋಡಾ ಕೂಡಿಸಿ ನಾನೇ ಮಾಡಿದ್ದ ಪಂಚ್. ಅದರಾಗ ಒಂದು ಹನಿ ದಾರೂ ಇರ್ಲಿಲ್ಲ. ಆದ್ರ ಎಲ್ಲಾರಿಗೂ ಕಣ್ಣು ಹೊಡದು, "ಗೋವಾದ ಮಾಲು, ಮೆಲ್ಲಕ ಕುಡೀರಿ" ಅಂದಿದ್ದೆ. ಅಷ್ಟಕ್ಕ ಬೀಗರು ತೂರಾಡಾಕ ಹತ್ತಿದ್ರು. ಒಬ್ರಂತೂ ಗೋಡಿಗೆ ಡಿಕ್ಕಿ ಹೊಡದು ಗೋಡಿಗೇ ಸಾರಿ ಕೇಳಿದ್ರು! ನನ್ನಂಥ ಕಿಲಾಡಿ ಈ ಜಿಲ್ಲಾದಾಗ ಇನ್ನೊಬ್ಬ ಇಲ್ಲ ಬಿಡ್ರಿ.

ವೀರೇಶ ಮಾತ್ರ ಒಂದು ಗುಟುಕೂ ಕುಡೀದ ಗ್ಲಾಸ್ ಕೆಳಗಿಟ್ಟು ಎದ್ದ. "ಮಾವ, ಕುಡಿಯೋದು ಬಿಟ್ಟು ಎಂಟು ತಿಂಗಳಾತ್ರಿ. ಇಲ್ಲೇ ಕುಂತ್ರ ಕುಡದೇಬಿಡ್ತೀನಿ, ಮನಿಗೆ ಹೊಂಟೆ."

ನನ್ನ ನಗಿ ನಿಂತುಹೋತು. "ಲೇ, ಅದು ಬರೇ ಶರಬತ್ತು, ಆಣಿ ಮಾಡ್ತೀನಿ!"

"ನಿಮ್ಮ ಆಣಿ ಯಾರು ನಂಬ್ತಾರ್ರಿ?" ಅಂತ ಚಪ್ಪಲಿ ಮೆಟ್ಟಿದ.

ಕೈ ಹಿಡದು ಅಡಿಗಿಮನಿಗೆ ಎಳಕೊಂಡು ಹೋಗಿ, ಅವನ ಕಣ್ಣೆದುರಿಗೇ ಮೊದಲಿಂದ ಇನ್ನೊಂದು ಪಾತ್ರಿ ಪಂಚ್ ಮಾಡಿದೆ. ಒಂದು ಗುಟುಕು ಕುಡದು ಜೋರಾಗಿ ನಕ್ಕ, ಹೊರಗ ಹೋಗಿ ಇದು ಬರೇ ಶರಬತ್ತು ಅಂತ ಎಲ್ಲಾರಿಗೂ ಹೇಳೇಬಿಟ್ಟ. ಬೀಗರಿಗೆ ಅಮಲು ಇಳದು ಸಿಟ್ಟು ಏರ್ತು.

ಸುಳ್ಳು ನಂಬಸೋದು ನನಗ ಜೀವಮಾನ ಪೂರಾ ಎಡಗೈ ಕೆಲಸ. ಖರೇ ಮಾತು ಒಂದು ನಂಬಸಾಕ ಅವತ್ತು ಹನ್ನೆರಡು ನಿಂಬಿಕಾಯಿ ಹಿಂಡಬೇಕಾತು.