ಬಚ್ಚಲಿನ ಗಾಳಿಕಿಂಡಿ ಮುಚ್ಚಿದವಳು ನಾನು

ನನ್ನ ತಂಗಿ ಶೈಲಾ ಅಂದು ಬಚ್ಚಲಿನಲ್ಲಿ ಬಿದ್ದದ್ದು ಮೂರ್ಛೆ ರೋಗದಿಂದಲ್ಲ. ಕೆಟ್ಟ ಗಾಳಿಯಿಂದ. ಆ ಗಾಳಿ ಹೊರಗೆ ಹೋಗದಂತೆ ಕಿಂಡಿ ಮುಚ್ಚಿದವಳು ನಾನು, ಅವಳ ಒಡಹುಟ್ಟಿದ ಅಕ್ಕ. ಹನ್ನೊಂದು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಉಂಡಿದ್ದೇನೆ, ನಕ್ಕಿದ್ದೇನೆ, ಕಂಡವರ ಮದುವೆಗಳಲ್ಲಿ ರೇಷ್ಮೆ ಸೀರೆ ಉಟ್ಟು ಓಡಾಡಿದ್ದೇನೆ. ಇನ್ನು ನನ್ನಿಂದ ಆಗುವುದಿಲ್ಲ.

ಆಗ ಶೈಲಾ ಕಲಬುರಗಿಯ ನಮ್ಮ ಮನೆಯಲ್ಲೇ ಇದ್ದಳು. ನಮ್ಮ ತವರು ಕಮಲಾಪುರ. ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ ಊರಿನ ಜಗತ್ ವೃತ್ತದ ಬಳಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಸೇಡಂ ರಸ್ತೆಯ ನಮ್ಮ ಮನೆಯಿಂದ ದಿನಾ ಸ್ಕೂಟಿಯ ಮೇಲೆ ಹೋಗಿಬರುತ್ತಿದ್ದಳು. ಕಮಲಾಪುರದ್ದೇ ಒಂದು ಮನೆತನದ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು. ಇಬ್ಬರೂ ಒಪ್ಪಿ, ಫೋನಿನಲ್ಲಿ ತಾಸುಗಟ್ಟಲೆ ಮಾತಾಡಿ...

ನಮ್ಮ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇತ್ತು. ಕೂಡಿಸಲು ಬಂದವನು ಮೇಲಿನ ಗಾಳಿಕಿಂಡಿ ತೋರಿಸಿ ಸ್ಪಷ್ಟವಾಗಿ ಹೇಳಿದ್ದ: "ಅಕ್ಕೋರ, ಈ ಕಿಂಡಿ ಯಾವಾಗೂ ಮುಚ್ಚಬ್ಯಾಡ್ರಿ. ಒಳಗ ಗ್ಯಾಸ್ ಉರೀತದ. ಗಾಳಿ ಆಡಲಿಲ್ಲಂದ್ರ ಮನಷ್ಯಾ ಉಳಿಯಂಗಿಲ್ಲ."

ಕೇಳಿಸಿಕೊಂಡಿದ್ದೆ. ಅದನ್ನೇ ನಾನು ಎಂದೂ ಅಲ್ಲಗಳೆಯಲಾರೆ — ನನಗೆ ಗೊತ್ತಿತ್ತು.

ಆ ಚಳಿಗಾಲ ಪಾರಿವಾಳಗಳು ಕಿಂಡಿಯಲ್ಲಿ ಗೂಡು ಕಟ್ಟತೊಡಗಿದವು. ಬಕೆಟ್ಟಿನಲ್ಲಿ ಹಿಕ್ಕೆ, ಟವೆಲ್ ಮೇಲೆ ಪುಕ್ಕ. ಮದುವೆ ಮಾತುಕತೆಗೆ ಬೀಗರು ಬರುವವರಿದ್ದರು, ಮನೆ ಚೊಕ್ಕಟ ಕಾಣಬೇಕಿತ್ತು. ಹಳೆಯ ಟೀವಿ ಡಬ್ಬಿಯ ಥರ್ಮೋಕೋಲ್ ಕತ್ತರಿಸಿ ಕಿಂಡಿಗೆ ತುರುಕಿದೆ, ಸುತ್ತಲೂ ಅಗಲವಾದ ಟೇಪು ಅಂಟಿಸಿದೆ. ನಾಲ್ಕು ದಿನದ ಮಾತು, ಆಮೇಲೆ ಜಾಳಿಗೆ ಹಾಕಿಸಿದರಾಯಿತು ಅಂದುಕೊಂಡೆ.

ಮರುದಿನ ಬೆಳಿಗ್ಗೆ ಶೈಲಾ ತಲೆಸ್ನಾನಕ್ಕೆ ಹೋದಳು. ನಮ್ಮ ಮನೆಯವರು ಡ್ಯೂಟಿಗೆ ಹೋಗಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಹೊತ್ತಾಯಿತು. ಕರೆದೆ, ಓಗೊಡಲಿಲ್ಲ. ಬಾಗಿಲು ಬಡಿದೆ. ಪಕ್ಕದ ಮನೆಯ ರಶೀದ್ ಚಾಚಾ ಓಡಿಬಂದು ಭುಜ ಕೊಟ್ಟು ಚಿಲಕ ಮುರಿದರು. ಅವಳು ನೆಲದ ಮೇಲಿದ್ದಳು. ಕೈಕಾಲು ಸೆಟೆದು ಅದುರುತ್ತಿದ್ದವು, ಬಾಯಿಯ ಪಕ್ಕ ನೊರೆ. ಚಾಚಾ ಮುಖ ಆಚೆ ತಿರುಗಿಸಿಕೊಂಡು ಚಾದರ ಕೇಳಿದರು. ಚಾದರ ತರುವ ಮೊದಲು ನಾನು ಮಾಡಿದ ಕೆಲಸ ಗೀಸರ್ ಆರಿಸಿದ್ದು.

ಆಟೋದಲ್ಲಿ ಚಾಚಾ ಮತ್ತು ಅವರ ಹೆಂಡತಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದರು. ಮನೆಗೆ ಕೀಲಿ ಹಾಕಿ ಹಿಂದೆಯೇ ಬರುತ್ತೇನೆ ಅಂದೆ. ಕೀಲಿ ಹಾಕಲಿಲ್ಲ. ಸ್ಟೂಲು ಹತ್ತಿದೆ, ಟೇಪು ಕಿತ್ತೆ, ಥರ್ಮೋಕೋಲ್ ಚೂರು ಮಾಡಿ ಚೀಲಕ್ಕೆ ತುಂಬಿ ಹೊರಗಿನ ಕಸದ ತೊಟ್ಟಿಗೆ ಹಾಕಿ ಬಂದೆ. ತಂಗಿ ಬದುಕಿದ್ದಾಳೋ ಇಲ್ಲವೋ ಗೊತ್ತಿರದ ಹೊತ್ತಿನಲ್ಲಿ ನನ್ನ ಕೈ ಮಾಡಿದ್ದು ಇದನ್ನು.

ಆಸ್ಪತ್ರೆ ಮುಟ್ಟಿದಾಗ ಡಾಕ್ಟರು ನನ್ನನ್ನು ಕೇಳಿದರು: "ಬಚ್ಚಲದಾಗ ಗ್ಯಾಸ್ ಗೀಸರ್ ಅದ ಏನ್ರಿ? ಹಚ್ಚಿದ್ರೇನು?"

ಸರಿಯಾದ ಪ್ರಶ್ನೆ. ಅಂದೇ ಎಲ್ಲ ತಿಳಿದುಬಿಡುತ್ತಿತ್ತು. ನಾನು ಅಂದೆ —

"ಗೀಸರ್ ಹಚ್ಚಿದ್ದಿಲ್ಲರಿ. ಒಲಿ ಮ್ಯಾಲ ಕಾಸಿದ ನೀರು ಒಯ್ದಿದ್ಳು. ಕಿಂಡಿನೂ ತೆರದೇ ಇತ್ತು."

ಇಷ್ಟೇ ಮಾತು. ಅವರು ಬರೆದುಕೊಂಡರು. ಶೈಲಾಗೆ ಎಚ್ಚರವಾದಾಗ ಆ ಬೆಳಗಿನ ಒಂದೂ ನೆನಪಿರಲಿಲ್ಲ. "ನಾ ಸ್ನಾನಕ್ಕ ಹೋಗಿದ್ನೇನು?" ಎಂದು ನನ್ನನ್ನೇ ಕೇಳಿದಳು. ಇದು ಫಿಟ್ಸ್ ಇರಬಹುದು ಎಂದು ಗುಳಿಗೆ ಶುರುಮಾಡಿದರು. ಕೆಲವು ತಿಂಗಳ ಮೇಲೆ ಸೋಮವಾರದ ಉಪವಾಸದಲ್ಲಿದ್ದವಳು ಕ್ಲಾಸಿನಲ್ಲಿ ಒಮ್ಮೆ ಕಣ್ಣುಕತ್ತಲೆ ಬಂದು ಕುಸಿದಳು. ಅಷ್ಟು ಸಾಕಾಯಿತು. ಅನುಮಾನ ರೋಗವಾಯಿತು, ಗುಳಿಗೆ ಕಾಯಂ ಆಯಿತು.

ಹುಡುಗನ ತಾಯಿ ನಮ್ಮ ಮನೆಗೆ ಬಂದು ಚಹಾ ಮುಟ್ಟದೆ ಕುಳಿತರು. "ನಮಗೂ ಸಂಕಟ ಆಗ್ತದವ್ವಾ. ಆದ್ರ ಮುಂದ ಮಕ್ಕಳು-ಮರಿ ನೋಡಬೇಕಲ್ಲ," ಅಂದರು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಕಮಲಾಪುರದಿಂದ ಬಂದಿದ್ದ ನನ್ನ ಅವ್ವ ತಲೆ ತಗ್ಗಿಸಿ, "ನಮ್ಮ ಕಾಕಾಗ ಇತ್ತರಿ ಈ ಜಡ್ಡು. ನನ್ನ ತವರಿಂದನ ಬಂದಿರಬೇಕು," ಎಂದು ಒಪ್ಪಿಕೊಂಡಳು. ಯಾರೂ ಹೊರಿಸದ ತಪ್ಪನ್ನು ತಾನೇ ಎತ್ತಿ ತಲೆಯ ಮೇಲಿಟ್ಟುಕೊಂಡಳು. ನಾನು ಪಕ್ಕದಲ್ಲಿ ಕಪ್ಪು-ಬಸಿ ಎತ್ತುತ್ತಿದ್ದೆ.

ಶೈಲಾ ಕಮಲಾಪುರಕ್ಕೆ ಮರಳಿದಳು. ಕಾಲೇಜು ಹೋಯಿತು, ಸ್ಕೂಟಿ ಮಾರಿದೆವು. ಗುಳಿಗೆಯ ಮಂಪರಿನಲ್ಲಿ ಬೆಳಿಗ್ಗೆ ಏಳಲು ಅವಳಿಗೆ ಹೊತ್ತಾಗುತ್ತಿತ್ತು. ಮನೆಯಲ್ಲೇ ಮಕ್ಕಳಿಗೆ ಗಣಿತ ಹೇಳಿಕೊಡತೊಡಗಿದಳು.

ಇತ್ತ ನಾನು — ಬರೆಯಲು ನಾಚಿಕೆಯಾಗುತ್ತದೆ — ಗಾಳಿಯ ಹುಚ್ಚು ಹಿಡಿದವಳಾದೆ. ಗೀಸರ್ ಕಿತ್ತಿಸಿದೆ. ಊದುಬತ್ತಿ, ಸೊಳ್ಳೆ ಬತ್ತಿ ನಿಲ್ಲಿಸಿದೆ. ಅಡುಗೆಮನೆಗೆ ಹೊಗೆ ಎಳೆಯುವ ಫ್ಯಾನ್ ಕೂಡಿಸಿದೆ. ಸುಡುಬಿಸಿಲಿನಲ್ಲೂ ಎದುರುಬದುರು ಕಿಟಕಿ ತೆರೆದಿಡುತ್ತೇನೆ. ಯಾರ ಮನೆಗೆ ಹೋದರೂ ಮೊದಲು ಬಚ್ಚಲು ನೋಡುತ್ತೇನೆ. ನಮ್ಮ ಬಡಾವಣೆಯ ಮಹಿಳಾ ಸಂಘದವರು ಇದನ್ನು ಕಂಡು, ಮನೆಯೊಳಗಿನ ಗಾಳಿ ಶುದ್ಧವಾಗಿಡುವ ಬಗ್ಗೆ ನಾಲ್ಕು ಮಾತಾಡಿ ಎಂದರು. ಮಾತಾಡಿದೆ. ಗೀಸರ್ ಇರುವ ಬಚ್ಚಲಿನ ಕಿಂಡಿ ಮುಚ್ಚಿದರೆ ಏನಾಗುತ್ತದೆ ಎಂದು ವಿವರವಾಗಿ ಹೇಳಿದೆ. ಚಪ್ಪಾಳೆ ತಟ್ಟಿದರು.

ತಪಾಸಣೆಗೆಂದು ಕಲಬುರಗಿಗೆ ಬಂದಿದ್ದ ಶೈಲಾ ಅಂದು ಹಿಂದಿನ ಸಾಲಿನಲ್ಲಿದ್ದಳು. ಮನೆಗೆ ನಡೆದುಬರುವಾಗ ನನ್ನ ಕೈ ಹಿಡಿದುಕೊಂಡಳು. "ಎಷ್ಟ್ ಚೊಲೋ ಹೇಳ್ದಿ ಅಕ್ಕಾ. ನನಗ ಎಲ್ಲಾರೂ ಬಚ್ಚಲಾ ಚಿಲಕಾ ಹಾಕ್ಕೋಬ್ಯಾಡ ಅಂತ ಅಷ್ಟ ಹೇಳ್ತಾರ. ಹನ್ನೊಂದು ವರ್ಷಾತು, ಚಿಲಕಾ ಹಾಕಿ ಸ್ನಾನ ಮಾಡಿಲ್ಲ ನಾ. ಗಾಳಿ ಬಗ್ಗಿ ಯಾರೂ ಹೇಳಿದ್ದಿಲ್ಲ."

ಮೂವತ್ತೆಂಟರ ಹೆಂಗಸು. ಚಿಲಕ ಹಾಕದ ಬಾಗಿಲ ಹಿಂದೆ, ಹೊರಗೆ ಯಾರದೋ ಹೆಜ್ಜೆ ಸಪ್ಪಳ ಆಲಿಸುತ್ತ... ನನಗೆ ಇದು ಗೊತ್ತೇ ಇರಲಿಲ್ಲ. ಕೇಳಿಯೂ ಇರಲಿಲ್ಲ.

ಮುಂದಿನ ಭಾನುವಾರ ಕಮಲಾಪುರಕ್ಕೆ ಹೋದೆ. ಅವಳು ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದಳು. ಥರ್ಮೋಕೋಲಿನಿಂದ ಹಿಡಿದು ಡಾಕ್ಟರಿಗೆ ಹೇಳಿದ ಸುಳ್ಳಿನವರೆಗೆ ಎಲ್ಲ ಹೇಳಿದೆ. ಅವಳು ಪೆನ್ನಿಗೆ ಮುಚ್ಚಳ ಹಾಕಿದಳು.

"ಅವ್ವಗ ಗೊತ್ತಿತ್ತಾ?"

"ಇಲ್ಲ."

"ಸಾಯೋ ಮುಂದ ನನ್ನ ಕೈ ಹಿಡದು, ನನ್ನ ರಕ್ತದಿಂದ ನಿನಗ ಹಿಂಗಾತು ಅಂದ್ಲು. ಅದಾದ್ರೂ ಗೊತ್ತದನು ನಿನಗ?"

"ಗೊತ್ತದ. ನಾ ಅಲ್ಲೇ ಕುಂತಿದ್ದೆ."

ಆಗ ಅವಳು ನನ್ನನ್ನು ನೋಡಿದ ರೀತಿ — ಬೇಡ, ಅದನ್ನು ಬರೆಯುವ ಶಕ್ತಿ ನನಗಿಲ್ಲ. ಎದ್ದು ನಿಂತು ಹೇಳಿದಳು: "ನನಗೊಬ್ಬಾಕಿಗೆ ಹೇಳಿದ್ರ ಸಾಲಂಗಿಲ್ಲ. ಡಾಕ್ಟರ್ ಮುಂದ ಹೇಳು. ಯಾರ್ಯಾರ ಮುಂದ ನನ್ನ ಜಡ್ಡಿನ ಮಾತು ಆಡೀಯೋ, ಅವರೆಲ್ಲಾರ ಮುಂದ ಹೇಳು."

ಹೇಳಿದೆ. ಈಗ ಅವಳನ್ನು ನೋಡುತ್ತಿರುವ ಡಾಕ್ಟರು ತಲೆಯೆತ್ತದೆ ಬರೆದುಕೊಂಡರು. ವಿಷಗಾಳಿಯಿಂದಲೂ ಹಾಗೆ ಸೆಟೆದು ಬೀಳುತ್ತಾರೆ ಅಂದರು. ಅದು ಮಿದುಳಿಗೆ ಏನು ಮಾಡಿತ್ತೋ ಈಗ ಹೇಳುವುದು ಕಷ್ಟ, ಅಂದೇ ತಿಳಿದಿದ್ದರೆ ಚಿಕಿತ್ಸೆಯೇ ಬೇರೆ ಇರುತ್ತಿತ್ತು ಅಂದರು. ಗುಳಿಗೆಯನ್ನು ಒಮ್ಮೆಲೇ ಬಿಡುವಂತಿಲ್ಲ. ಮತ್ತೆ ಪರೀಕ್ಷೆ ಮಾಡಿ, ಸಾಧ್ಯವಾದರೆ ನಿಧಾನಕ್ಕೆ ಇಳಿಸಬೇಕು. ಶೈಲಾ ಎಲ್ಲ ಕೇಳಿಸಿಕೊಂಡಳು, ಒಬ್ಬಳೇ ಎದ್ದು ಹೊರಟಳು. ಬಸ್ ಸ್ಟ್ಯಾಂಡಿನವರೆಗೆ ಹಿಂದೆ ಹಿಂದೆ ಹೋದೆ. ಕಮಲಾಪುರದ ಬಸ್ಸು ಹತ್ತುವ ಮೊದಲು, "ನಾ ಕರಿಯೋತನಕ ಮನಿಗಿ ಬರಬ್ಯಾಡ," ಅಂದಳು. ಇನ್ನೂ ಕರೆದಿಲ್ಲ. ಕರೆಯದಿದ್ದರೆ ಅದೂ ಅವಳ ಹಕ್ಕು.

ನಮ್ಮ ಮನೆಯವರಿಗೆ, ಅಂದರೆ ಗಂಡನಿಗೆ, ಹೇಳಿದೆ. ಅವರು ಈಗ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾರೆ. ಸಂಘದ ಹೆಂಗಸರ ಮುಂದೆ ಹೇಳಿದೆ, ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೋಟನೂರಿನ ಚಿಕ್ಕಮ್ಮ ಅಡ್ಡಬಂದಳು: "ಈಗ್ಯಾಕ ಇದನ್ನೆಲ್ಲ ಹೇಳ್ಕೋತ ತಿರುಗ್ತಿ? ಯಾರಿಗಿ ಏನ್ ಉಪಯೋಗ?" ಅವಳಿಗೂ ಪೂರ್ತಿ ಹೇಳಿಯೇ ಎದ್ದುಬಂದೆ.

ಇನ್ನೊಂದು ಮನೆ ಉಳಿದಿದೆ. ಆ ಹುಡುಗನ ಮನೆ. ಅವನಿಗೀಗ ಇಬ್ಬರು ಮಕ್ಕಳಂತೆ. ಅವನ ತಾಯಿ ಇನ್ನೂ ಇದ್ದಾರೆ. ಬೀಗತಿಯಾಗಬೇಕಿದ್ದ ಆ ಹೆಂಗಸಿಗೆ, ನನ್ನ ಅವ್ವನ ರಕ್ತದಲ್ಲಿ ಏನೂ ದೋಷವಿರಲಿಲ್ಲ ಎಂದು ಹೇಳಬೇಕು. ಒಳಗೆ ಕರೆಯುತ್ತಾರೋ ಇಲ್ಲವೋ ತಿಳಿಯದು. ಅಂಗಳದಲ್ಲಿ ನಿಂತಾದರೂ ಹೇಳುತ್ತೇನೆ.