ಕೊಡಲಿ ಎತ್ತದೆ ಸೀಳಿದ ಸೌದೆ

“ಅವ್ವಾ, ಆ ಎಣ್ಣೆ ಕೈಯಲ್ಲಿ ಮಗೂನ ಮುಟ್ಬ್ಯಾಡ, ಓಗಿ ಕೈ ತೊಳ್ಕಂಡು ಬಾ,” ಎಂದು ಇವತ್ತು ಬೆಳಿಗ್ಗೆ ನನ್ನ ಮಗಳು ನೀಲ ಗದರಿದಳು. ನಾನು ಕೈ ಮೂಸಿ ನೋಡಿಕೊಂಡೆ. ಹೌದು, ಲಾರಿ ರಿಪೇರಿ ಮಾಡುವವನ ಕೈಯ ಹಾಗೆ ನಾರುತ್ತಿತ್ತು. ಅದರ ಜೊತೆಗೆ ಆಗತಾನೆ ಸೀಳಿದ ಹುಣಸೆ ಸೌದೆಯ ವಾಸನೆ ಬೇರೆ. ಹನ್ನೊಂದು ದಿನದ ಮೊಮ್ಮಗನನ್ನು ಎತ್ತಿಕೊಳ್ಳಲು ಬಂದ ಅಜ್ಜಿಯ ಕೈ ಅರಿಶಿನವನ್ನೋ ಸಾಂಬ್ರಾಣಿಯನ್ನೋ ಸೂಸಬೇಕು ಎಂದು ನಿಮಗೂ ಅನ್ನಿಸುತ್ತದೆ. ಏನು ಮಾಡಲಿ, ನಾನು ಇಂಥ ಅಜ್ಜಿ. ಸೋಪು ಹಾಕಿ ಎರಡು ಸಲ ತೊಳೆದು ಬಂದು ಮಗುವನ್ನು ಎತ್ತಿಕೊಂಡೆ. ಅದು ನನ್ನ ಮುಖ ನೋಡಿ ಆಕಳಿಸಿತು. ಆ ಸಂತೋಷ ಎದೆಯಲ್ಲಿ ಹಿಡಿಸದೆ ನಿಮ್ಮ ಹತ್ತಿರ ಹೇಳಿಕೊಳ್ಳೋಣ ಅಂತ ಕೂತಿದ್ದೇನೆ.

ನಾನು ಓದಿದ್ದು ಮೂರನೇ ಕ್ಲಾಸು. ನನ್ನ ಮೊದಲನೇ ಮೊಮ್ಮಗಳೂ ಈಗ ಮೂರನೇ ಕ್ಲಾಸೇ. ನಾನು ಬರೆದದ್ದರ ಒತ್ತಕ್ಷರಗಳನ್ನು ಅವಳು ತಿದ್ದುತ್ತೇನೆ ಅಂದಿದ್ದಾಳೆ. ಆದ್ದರಿಂದ ತಪ್ಪೇನಾದರೂ ಉಳಿದಿದ್ದರೆ ಅವಳನ್ನೇ ಕೇಳಿ.

ನಮ್ಮದು ಹುಲ್ಲಹಳ್ಳಿಯಿಂದ ಮೂರು ಮೈಲಿ ಒಳಗೆ, ನಾಲೆ ಬದಿಯ ಊರು. ನಾನು ಹೇಳುತ್ತಿರುವುದು ಹತ್ತು ಹನ್ನೊಂದು ವರ್ಷದ ಹಿಂದಿನ ಮಾತು, ಆಗಲೇ ನಮ್ಮ ಮನೆಗೆ ಗ್ಯಾಸು ಬಂದಿತ್ತು. ಆದರೆ ಅದರ ಮೇಲೆ ಕಾಯುತ್ತಿದ್ದದ್ದು ಕಾಫಿ, ಹಾಲು, ನೆಂಟರು ಬಂದರೆ ಉಪ್ಪಿಟ್ಟು ಅಷ್ಟೆ. ಸ್ನಾನದ ನೀರಿಗೆ ಬಚ್ಚಲಿನ ಹಂಡೆಯೇ ಆಗಬೇಕು, ಹಂಡೆಗೆ ಸೌದೆಯೇ ಆಗಬೇಕು. ಅದರಲ್ಲೂ ಬಾಣಂತಿ ನೀರು ಅಂದರೆ ನಿಮಗೆ ಗೊತ್ತಲ್ಲ! ತಾಯಿಗೆ ಎರಡು ಹಂಡೆ, ಮಗುವಿಗೆ ಬೇರೆ, ಅದೂ ತಿಂಗಳುಗಟ್ಟಲೆ, ದಿನಾ. ಸೌದೆ ತೆಳ್ಳಗಿರಬೇಕು, ಒಣಗಿರಬೇಕು. ದಪ್ಪ ಕೊರಡು ಇಟ್ಟರೆ ಉರಿಯುವುದಿಲ್ಲ, ಬರೀ ಹೊಗೆ. ಬಚ್ಚಲಲ್ಲಿ ಹೊಗೆ ತುಂಬಿದರೆ ಎಳೆಗೂಸಿನ ಕಣ್ಣು ಏನಾಗಬೇಕು?

ಸೌದೆ ಒಡೆಯುವುದು ನನ್ನ ಕೆಲಸವಾಗಿತ್ತು. ನಮ್ಮ ಯಜಮಾನರು ಕಬ್ಬಿನ ಗದ್ದೆಯಲ್ಲಿ ಎಷ್ಟು ಬೇಕಾದರೂ ದುಡಿದಾರು, ಕೊಡಲಿ ಕೊಟ್ಟರೆ ಮಾತ್ರ ಹತ್ತು ಏಟಿನಲ್ಲಿ ಎಂಟು ನೆಲಕ್ಕೆ ಹಾಕುತ್ತಾರೆ. ನನ್ನ ಏಟು ತಪ್ಪುತ್ತಿರಲಿಲ್ಲ. ಆ ಜಂಬ ನನಗಿತ್ತು.

ಆ ಜಂಬ ಇಳಿದ ದಿನವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ನೀಲಳನ್ನು ತಿ. ನರಸೀಪುರಕ್ಕೆ ಮದುವೆ ಮಾಡಿ ಕೊಟ್ಟಿದ್ದೆವು. ಮೊದಲ ಬಸುರಿನಲ್ಲಿ, ಐದು ತಿಂಗಳಿದ್ದಾಗ, ನಾಲ್ಕು ದಿನ ಇದ್ದು ಹೋಗಲು ಬಂದಳು. ಮಗಳು ಬಂದಿದ್ದಾಳೆ, ಬಿಸಿಬಿಸಿ ನೀರು ಹಾಕೋಣ ಅಂತ ಮಾರನೇ ದಿನ ಬೆಳಿಗ್ಗೆ ಕೊಡಲಿ ತೆಗೆದುಕೊಂಡು ಒಂದು ಹೊರೆ ಸೌದೆ ಒಡೆದು ಹಾಕಿದೆ. ಬಸುರಿ ಇರುವ ಮನೆಯಲ್ಲಿ ಕೊಡಲಿ ಎತ್ತಬಾರದು ಎಂದು ನಮ್ಮಲ್ಲಿ ಒಂದು ಮಾತಿದೆ. ಸಂತೋಷದಲ್ಲಿ ನನಗೆ ಅದು ನೆನಪೇ ಆಗಲಿಲ್ಲ. ಅವತ್ತು ಮಧ್ಯಾಹ್ನವೇ ನೀಲಳಿಗೆ ಹೊಟ್ಟೆನೋವು ತಡೆಯದಾಯಿತು. ನಂಜನಗೂಡಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮಗು ಉಳಿಯಲಿಲ್ಲ.

ನಮ್ಮ ಅತ್ತೆ ಆಗ ಇದ್ದರು. ಬಾಯಿ ಜೋರಿನ ಹೆಂಗಸು, ಊರಿಗೆಲ್ಲ ಬೈಯುವವರು. ಅವರು ನನಗೆ ಒಂದು ಮಾತೂ ಬೈಯಲಿಲ್ಲ. ಆ ಕೊಡಲಿಯನ್ನು ತೆಗೆದುಕೊಂಡು ಹೋಗಿ ಯಾರಿಗೋ ಕೊಟ್ಟು ಬಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಎರಡು ವರ್ಷ ಕಳೆದು ನೀಲ ಮತ್ತೆ ಬಸುರಿಯಾದಳು. ಅದೇ ಮಳೆಗಾಲದಲ್ಲಿ ನಮ್ಮ ಹಿತ್ತಲಿನ ಹುಣಸೆ ಮರ ಗಾಳಿಗೆ ಬಿತ್ತು. ಮಿಲ್ಲಿನವರು ಬಂದು ಗರಗಸದಲ್ಲಿ ಮೊಳದುದ್ದದ ತುಂಡು ಮಾಡಿ ಕೊಟ್ಟು ಹೋದರು. ತುಂಡೇನೋ ಆಯಿತು, ಸೀಳುವವರು ಯಾರು? ಅತ್ತೆಯನ್ನು ಮೆಲ್ಲಗೆ ಕೇಳಿದೆ, “ಗದ್ದೆ ತಾವ ಹಾಕಿಸಿ ಯಾರ ಕೈಲಾದ್ರೂ ಒಡೆಸಾವಾ?”

“ನಿನ್ನ ಒಲೆಗೆ ಓಗೋ ಸೌದೇನ ಊರಾಚೆ ಒಡೆದ್ರೂ ನಿನ್ನದೇ ಕಣಮ್ಮಿ,” ಅಂದರು. “ಮಗಳು ಎಲ್ಲೇ ಇರ್ಲಿ, ಕೊಡಲಿ ಎತ್ತಕೂಡದು ಅಂದ್ರೆ ಎತ್ತಕೂಡದು.”

ಒಡೆದ ಸೌದೆ ಕೊಳ್ಳೋಣವೆಂದರೆ ಡಿಪೋದಲ್ಲಿ ಎಲ್ಲ ಮಳೆಗೆ ನೆಂದು ಹಸಿ. ಅತ್ತೆಯ ಮಾತನ್ನು ನಾನು ಪೂರಾ ನಂಬಿದ್ದೆನೋ ಇಲ್ಲವೋ ಗೊತ್ತಿಲ್ಲ. ಆದರೆ ಮೀರುವ ಧೈರ್ಯ ನನಗಿರಲಿಲ್ಲ. ಒಂದು ಸಲ ಮೀರಿದ್ದೆನಲ್ಲ.

ಹೀಗಿರುವಾಗ ಒಂದು ದಿನ ಕಬ್ಬಿನ ಲಾರಿಯೊಂದು ನಮ್ಮ ಮನೆ ಮುಂದೆಯೇ ಪಂಕ್ಚರಾಯಿತು. ಡ್ರೈವರು ಇಳಿದ. ಕಡ್ಡಿಯಂಥ ಆಳು. ಚಕ್ರದ ಪಕ್ಕ ಸೀಸೆಯಂಥದ್ದೊಂದು ಜಾಕು ಇಟ್ಟು, ಕೂತುಕೊಂಡು, ಒಂದು ಕೈಯಲ್ಲಿ ಬೀಡಿ, ಇನ್ನೊಂದು ಕೈಯಲ್ಲಿ ಸಲಾಕೆ ಆಡಿಸುತ್ತಾ ಇದ್ದ. ಲಾರಿ ಮೆಲ್ಲಗೆ ಮೇಲೇಳುತ್ತಿತ್ತು! ನಾನು ನೀರಿನ ಬಿಂದಿಗೆ ಸೊಂಟದಲ್ಲಿ ಇಟ್ಟುಕೊಂಡು ನಿಂತುಬಿಟ್ಟೆ.

“ಎಷ್ಟಪ್ಪ ಭಾರ ಅದರಲ್ಲಿ?”

“ಹತ್ತು ಟನ್ನು ಕಣವ್ವ.”

“ನೀನು ಬೀಡಿ ಸೇದ್ಕಂಡೇ ಎತ್ತಿಬುಟ್ಯಲ್ಲೋ!”

“ನಾನೆಲ್ಲಿ ಎತ್ದೆ? ಒಳಗಿರೋ ಎಣ್ಣೆ ಎತ್ತಿದ್ದು.”

ಬಿಂದಿಗೆ ಇಳಿಸಿದೆ. ಹತ್ತು ಟನ್ನು ಎತ್ತುವ ಎಣ್ಣೆ ಒಂದು ಹುಣಸೆ ತುಂಡನ್ನು ಸೀಳುವುದಿಲ್ಲವೇ? ಕೊಡಲಿಯನ್ನು ತಾನೇ ಎತ್ತಬಾರದು? ಕಬ್ಬಿಣದ ಬೆಣೆಯೊಂದನ್ನು ಒಂದು ಕಡೆ ಗಟ್ಟಿಯಾಗಿ ಕೂರಿಸಿ ಸೌದೆಯನ್ನೇ ಅದಕ್ಕೆ ಒತ್ತಿದರೆ? ಯಜಮಾನರಿಗೆ ಹೇಳಿದೆ. “ಲಾರಿನೇ ಇಲ್ದೆ ಜಾಕು ತಗಂಡು ಏನೇ ಎತ್ತೀಯೆ, ನನ್ನಾ?” ಅಂದರು.

ನೀಲಳನ್ನು ಬಾಣಂತನಕ್ಕೆ ಕರೆತರಲು ನರಸೀಪುರಕ್ಕೆ ಹೋದೆ. ಬರುವಾಗ ಅವಳನ್ನೂ ಕರೆದುಕೊಂಡೇ ಬಸ್‌ಸ್ಟ್ಯಾಂಡಿನ ಹತ್ತಿರದ ಗುಜರಿ ಅಂಗಡಿಗೆ ನುಗ್ಗಿದೆ. ಅಂಗಡಿಯವರು ಒಂದು ಸ್ಟೂಲು ಹಾಕಿ ಅವಳನ್ನು ಕೂರಿಸಿದರು. ನನ್ನ ಮುಂದೆ ನಾಲ್ಕು ಜಾಕು ಇಟ್ಟರು.

“ಎಷ್ಟು ಟನ್ನಿಂದು ಬೇಕಮ್ಮ?”

“ಅದು ನಂಗೆ ಗೊತ್ತಿಲ್ಲಪ್ಪ. ಹುಣಸೆ ಮರಕ್ಕೆ ಆಗೋದು ಕೊಡು.”

ನಾವು ಎಮ್ಮೆ ಕೊಳ್ಳುವಾಗ ಮಾರುವವನ ಮಾತು ಕೇಳುತ್ತೇವೆಯೇ? ಮೂರು ಹೊತ್ತು ಹಾಲು ಕರೆದು ನೋಡುತ್ತೇವೆ. ಹಾಗೇ, ಅಂಗಡಿ ಮುಂದೆ ಕಬ್ಬಿಣ ಹೇರಿ ನಿಲ್ಲಿಸಿದ್ದ ಗಾಡಿಯನ್ನು ಒಂದೊಂದು ಜಾಕಿನಿಂದಲೂ ಎತ್ತಿಸಿ, ಒಂದು ಕಾಫಿ ಕುಡಿಯುವಷ್ಟು ಹೊತ್ತು ಹಾಗೇ ಬಿಡಿಸಿದೆ. ಮೂರು ಜಾಕು ಮೆಲ್ಲಗೆ ಕುಸಿದವು. ಬಣ್ಣವೆಲ್ಲ ಹೋದ, ನೋಡಲು ಕುರೂಪಿಯಾದ ನಾಲ್ಕನೆಯದು ಜಪ್ಪಯ್ಯ ಅಂದರೂ ಕುಸಿಯಲಿಲ್ಲ. ಅದನ್ನೇ ತೆಗೆದುಕೊಂಡೆ. ಬಸ್ಸಿನಲ್ಲಿ ಬಳೆ, ಹೂವು, ರವಿಕೆ ಬಟ್ಟೆಯ ಚೀಲದಲ್ಲೇ ಜಾಕು ಇಟ್ಟು ತೊಡೆಯ ಮೇಲೆ ಇರಿಸಿಕೊಂಡಿದ್ದೆ. ಕಂಡಕ್ಟರು ಚೀಲ ಇಣುಕಿ ನೋಡಿ, “ಅಮ್ಮಾ, ಬಸ್ಸು ಪಂಕ್ಚರಾದ್ರೆ ಕೊಡ್ತೀರಾ?” ಅಂದ. ನೀಲ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾಚಿಕೆಗೆ. ನಗುವುದನ್ನು ಅವಳು ಆ ಮಗು ಹೋದಾಗಲೇ ಬಿಟ್ಟಿದ್ದಳು.

ತಾಂಡ್ಯದ ರಸ್ತೆಯಲ್ಲಿ ವೆಲ್ಡಿಂಗ್ ಕೆಲಸದ ಆಚಾರಿಯೊಬ್ಬರಿದ್ದರು. ಅವರ ಅಂಗಡಿಯ ನೆಲದ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದು ತೋರಿಸಿದೆ. ಒಂದು ತುದಿಗೆ ಬೆಣೆ, ಇನ್ನೊಂದು ತುದಿಗೆ ಜಾಕು, ನಡುವೆ ಸೌದೆ. “ಇದೇನವ್ವಾರೆ, ಮಂಚನಾ?” ಅಂದರು. ಮಂಚವೇ ಆಗಿತ್ತು ಅನ್ನಿ. ಹಳೇ ಲಾರಿಯ ಕಬ್ಬಿಣದಲ್ಲಿ ಚೆನ್ನಾಗಿಯೇ ಮಾಡಿಕೊಟ್ಟರು. ಮನೆಗೆ ತಂದು, ಜಾಕನ್ನು ಅಡ್ಡ ಮಲಗಿಸಿ, ಸಲಾಕೆ ಆಡಿಸಿದೆ. ಸೌದೆ ಒಂದು ಬೆರಳು ಸರಿದು ನಿಂತಿತು. ಆಮೇಲೆ ಎಷ್ಟು ಆಡಿಸಿದರೂ ಒಳಗೆ ಏನೂ ಇಲ್ಲದ ಹಾಗೆ ಸಲಾಕೆ ಲೊಡಲೊಡ. ಮೂಲೆಯಿಂದ ಎಣ್ಣೆ ಜಿನುಗಿತು.

ಯಜಮಾನರು ಎಲೆಅಡಿಕೆ ಹಾಕಿಕೊಳ್ಳುತ್ತಾ ನೋಡುತ್ತಿದ್ದರು. “ಮಲಗಿಸ್ಬುಟ್ಟಿದ್ದೀಯಲ್ಲ, ಅದ್ಕೆ ನಿದ್ದೆ ಬಂದದೆ,” ಅಂದರು.

ಮೊದಲು ಸಿಟ್ಟು ಬಂತು. ಆಮೇಲೆ ಹೊಳೆಯಿತು. ಆ ಲಾರಿ ಡ್ರೈವರು ಜಾಕನ್ನು ಮಲಗಿಸಿರಲಿಲ್ಲ, ನಿಲ್ಲಿಸಿದ್ದ! ಮಲಗಿಸಿದರೆ ಎತ್ತುವ ಎಣ್ಣೆಯೇ ಒಂದು ಮಗ್ಗುಲಿಗೆ ಸರಿದುಬಿಡುತ್ತದೆ. ನಾವು ಸೌದೆ ನೆಲದ ಮೇಲಿಟ್ಟು ಒಡೆಯುವವರು, ಅದಕ್ಕೇ ನನ್ನ ಬುದ್ಧಿಯೂ ನೆಲ ಬಿಟ್ಟು ಏಳಲಿಲ್ಲ. ಮಾರನೇ ದಿನವೇ ಮಂಚವನ್ನು ಎತ್ತಿನಗಾಡಿಯಲ್ಲಿ ಹೇರಿಕೊಂಡು ಆಚಾರಿಯ ಹತ್ತಿರ ಹೋದೆ. “ಬಾಗಿಲ ಚೌಕಟ್ಟಿನ ಥರ ನಿಲ್ಸಿ. ಕೆಳಗೆ ಜಾಕು, ಜಾಕಿನ ಮೇಲೆ ತಟ್ಟೆ, ತಟ್ಟೆ ಮೇಲೆ ಸೌದೆ. ಬೆಣೆ ಮೇಲುಗಡೆಯಿಂದ ಕೆಳಮುಖ ಇರ್ಲಿ.” ಆಚಾರಿಗೂ ಈಗ ಹುರುಪು ಬಂತು. ಸೀಳಿದ ಮೇಲೆ ಜಾಕು ತಾನಾಗಿ ಕೆಳಗಿಳಿಯಲಿ ಅಂತ ಹಳೇ ಸ್ಕೂಟರಿನ ಎರಡು ಸ್ಪ್ರಿಂಗು ಕಟ್ಟಿದರು. ಬೆಣೆಯನ್ನು ಕೊಡಲಿಯ ಹಾಗೆ ತೆಳ್ಳಗೆ ಮಾಡಿ ಅಂದೆ. ಅವರು ತಲೆಯಾಡಿಸಿದರು. “ತೆಳ್ಳಗಿದ್ರೆ ಹುಣಸೆ ಅದನ್ನ ಕಚ್ಕಂಡು ಬುಡಾಕಿಲ್ಲ ಅವ್ವಾರೆ. ವಸಿ ದಪ್ಪ ಇದ್ರೆ ತಾನೇ ಎರಡು ಕಡೆಗೂ ದಬ್ತದೆ.” ಓದಿದವರ ಮಾತು ಕೇಳಬೇಕೋ ಬೇಡವೋ, ಕೈಕೆಲಸದವರ ಮಾತು ಕೇಳಬೇಕು. ಕೇಳಿದೆ.

ಯಂತ್ರವನ್ನು ಹಿತ್ತಲಲ್ಲಿ ನಿಲ್ಲಿಸಿದ ದಿನ ಅಕ್ಕಪಕ್ಕದವರೆಲ್ಲ ಬಂದರು. ನೀಲ ಹಿತ್ತಲ ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದಳು, ಒಂಬತ್ತು ತಿಂಗಳ ಹೊಟ್ಟೆ. ಅವಳ ಮುಖ ನೋಡಿದಾಗ ನನ್ನ ಕೈ ಸಲಾಕೆಯ ಮೇಲೆ ಹೋಗಲೇ ಇಲ್ಲ. ಅತ್ತೆ ಒಪ್ಪದೆ ನಾನು ಇದನ್ನು ಮುಟ್ಟುವ ಹಾಗಿರಲಿಲ್ಲ. ಅತ್ತೆ ಕೋಲೂರಿಕೊಂಡು ಬಂದರು. ಬೆಣೆಯನ್ನು ಹೆಬ್ಬೆರಳಲ್ಲಿ ಸವರಿದರು.

“ಇದು ಕೊಡಲಿನೇ ಅಲ್ವೇನಮ್ಮಿ?”

“ಇದಕ್ಕೆ ಹಿಡಿ ಎಲ್ಲದೆ ಅತ್ತೆ? ಇದ್ನ ಯಾರೂ ಎತ್ತಾಕಿಲ್ಲ. ಇದ್ದಲ್ಲೇ ಇರ್ತದೆ.”

“ಮತ್ತೆ ಸೌದೆ?”

“ಸೌದೆ ಕೆಳಗಿಂದ ಎದ್ದು ಓಗ್ತದೆ.”

ಅತ್ತೆ ಯಂತ್ರವನ್ನು ಒಂದು ಸುತ್ತು ಹಾಕಿದರು. ನೀಲಳ ಕಡೆ ಒಂದು ಸಲ ನೋಡಿದರು. ಆಮೇಲೆ ಅಂದರು, “ಸೌದೆ ತಾನಾಗೇ ಎದ್ದೋಗಿ ಸೀಳ್ಕಂಡ್ರೆ ನಾವೇನ್ ಮಾಡಕಾದದು? ಅದರ ಹಣೆಬರ. ಒತ್ತು ಕಣಮ್ಮಿ.”

ಮಣೆ ಹಾಕಿಕೊಂಡು ಕೂತು ಒತ್ತಿದೆ. ತುಂಡು ಮೆಲ್ಲಗೆ ಎದ್ದಿತು. ಬೆಣೆ ತಾಗಿತು. ಕಿರ್ ಅಂದಿತು. ನಾನು ಇನ್ನೂ ನಾಲ್ಕು ಸಲ ಒತ್ತಿದೆ. ಚಟಾರ್! ಹುಣಸೆ ತುಂಡು ಎರಡು ಹೋಳಾಗಿ ಆ ಕಡೆ ಒಂದು ಈ ಕಡೆ ಒಂದು ಬಿತ್ತು. ಬಿದ್ದ ಒಂದು ಹೋಳು ಉರುಳಿ ಹೋಗಿ ಯಜಮಾನರ ಕಾಲಿಗೆ ಬಡಿಯಿತು. ಅವರು “ಅಯ್ಯಪ್ಪಾ” ಅಂತ ಒಂಟಿ ಕಾಲಲ್ಲಿ ಕುಣಿದರು. ಬಾಗಿಲಲ್ಲಿ ಯಾರೋ ಗೊಳ್ಳೆಂದು ನಕ್ಕರು. ತಿರುಗಿ ನೋಡಿದರೆ ನೀಲ. ಎರಡು ಕೈಯಲ್ಲೂ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. ಮೈಸೂರಿನ ದಸರಾವನ್ನೇ ನನ್ನ ಹಿತ್ತಲಿಗೆ ತಂದಿದ್ದರೂ ನನಗೆ ಅಷ್ಟು ಸಂತೋಷವಾಗುತ್ತಿರಲಿಲ್ಲ.

ಆ ವಾರವೆಲ್ಲ ಸೀಳಿ ಸೀಳಿ ಒಟ್ಟಿದೆವು, ಬೆರಳು ಗಾತ್ರದ ಸೌದೆ. ಅತ್ತೆಯೂ ಒಂದೊಂದು ಸಲ ಕೂತು ಸಲಾಕೆ ಒತ್ತುತ್ತಿದ್ದರು. ಮೊಮ್ಮಗಳು ಹುಟ್ಟಿದಳು. ಬಚ್ಚಲಲ್ಲಿ ಒಂದೆಳೆ ಹೊಗೆಯಿಲ್ಲದೆ ಹಂಡೆ ಕೊತಕೊತ ಕುದಿಯಿತು. ಯಾರೇ ಬಾಣಂತಿ ನೋಡಲು ಬರಲಿ, ಅತ್ತೆ ಮೊದಲು ಹಿತ್ತಲಿಗೆ ಕರೆದುಕೊಂಡು ಹೋಗಿ ಯಂತ್ರ ತೋರಿಸುತ್ತಿದ್ದರು, ಮಗು ಆಮೇಲೆ.

ಅತ್ತೆ ತೀರಿಕೊಂಡು ಮೂರು ವರ್ಷವಾಯಿತು. ಈ ಸಲ ನೀಲ ಎರಡನೇ ಬಾಣಂತನಕ್ಕೆ ಬಂದಾಗ ಯಜಮಾನರು ಕೇಳಿದರು, “ಈಗ ಮನೆಗೆ ದೊಡ್ಡೋಳು ನೀನೇ. ಒಂದು ಕೊಡಲಿ ತರ್ಲಾ, ಬ್ಯಾಡ್ವಾ?” ಹಿತ್ತಲಿಗೆ ಹೋಗಿ ಯಂತ್ರದ ಸಲಾಕೆ ಹಿಡಿದು ಕೂತೆ. ಅವರು ಎದ್ದು ಹೋದ ಮೇಲೆ ನೀಲ ನನ್ನ ಪಕ್ಕ ಬಂದು ಕೂತಳು.

“ಅವ್ವಾ, ಇನ್ನೂ ಅದೇನಾ?”

“ಅವತ್ತು ನಾನು ಕೊಡಲಿ ಎತ್ತಿದ್ದೆ ಕಣವ್ವ,” ಅಂದೆ. ಅಷ್ಟು ವರ್ಷದಲ್ಲಿ ಆ ಮಾತು ಬಾಯಿಂದ ಹೊರಗೆ ಬಂದದ್ದು ಅದೇ ಮೊದಲು.

“ನೀನು ಕೊಡಲಿ ಮುಟ್ಟೋಕೆ ಮುಂಚೆಯೇ, ಕೋಳಿ ಕೂಗೋ ಹೊತ್ತಿಂದ್ಲೇ ನಂಗೆ ನೋವಿತ್ತು. ಗಾಬರಿ ಆಯ್ತೀಯ ಅಂತ ಹೇಳ್ನಿಲ್ಲ. ಇಲ್ಲಿಗೆ ಬರೋ ದಿನ ನರಸೀಪುರದಲ್ಲಿ ನೀರಿನ ಡ್ರಮ್ಮು ಎಳ್ದಿದ್ದೆ, ಅದರಿಂದ್ಲೇ ಆಯ್ತು ಅಂತ ನಾನು ಅಂದ್ಕಂಡಿದ್ದೆ. ಡಾಕ್ಟ್ರು ಅದೂ ಅಲ್ಲ, ಯಾರ ತಪ್ಪೂ ಅಲ್ಲ ಅಂದ್ರು. ನಂಬಕ್ಕೆ ನಂಗೇ ಇಷ್ಟು ದಿನ ಬೇಕಾಯ್ತು.”

“ನಂಗ್ಯಾಕಮ್ಮಿ ಹೇಳ್ಲಿಲ್ಲ?”

“ನೀನು ಕೇಳ್ಲೇ ಇಲ್ವಲ್ಲ.”

ಸೌದೆ ರಾಶಿಯ ಮೇಲೆ ಕೂತು ಇಬ್ಬರೂ ಅತ್ತೆವು. ಆಮೇಲೆ ಯಜಮಾನರನ್ನು ಕೂಗಿ, “ತನ್ರೀ ಕೊಡಲಿ” ಅಂದೆ. ಅವರು ನಂಜನಗೂಡಿನಿಂದ ಹೊಸದೇ ತಂದರು. ತುಂಬಿದ ಬಸುರಿ ಮಗಳ ಕಣ್ಣೆದುರಿಗೇ ಅದನ್ನು ತಲೆಯ ಮೇಲಕ್ಕೆ ಎತ್ತಿ, ಇದ್ದ ಬಲವೆಲ್ಲ ಹಾಕಿ ಒಂದು ಏಟು ಕೊಟ್ಟೆ. ಏಟು ತಪ್ಪಲಿಲ್ಲ. ಆದರೆ ಗಂಟಿನ ತುಂಡು, ಕೊಡಲಿ ಅರ್ಧಕ್ಕೆ ಹೂತು ಸಿಕ್ಕಿಕೊಂಡಿತು. ಎಳೆದರೆ ಬರಲಿಲ್ಲ. “ಬುಡವ್ವ ಅತ್ಲಾಗೆ,” ಎಂದು ನೀಲ ನಕ್ಕಳು. ಬಿಟ್ಟೆ. ಹೋಗಿ ಯಂತ್ರದ ಮುಂದೆ ಮಣೆ ಹಾಕಿಕೊಂಡು ಕೂತೆ. ಈಗ ಹೆದರಿಕೆಗೆ ಅಲ್ಲ ಸ್ವಾಮಿ, ಅದು ಚೆನ್ನಾಗಿ ಸೀಳುತ್ತದೆ ಅಂತ.

ಕೊಡಲಿ ಇವತ್ತಿಗೂ ಆ ತುಂಡಿನಲ್ಲೇ ಇದೆ. ಹಿಡಿ ಮೇಲಕ್ಕೆ ಚಾಚಿಕೊಂಡಿದೆ, ಬಿಸಿಲು ಚೆನ್ನಾಗಿ ಬೀಳುವ ಜಾಗ. ನಾನು ಇದನ್ನು ಬರೆಯುತ್ತಿರುವ ಹೊತ್ತಿನಲ್ಲಿ ಅದರ ಮೇಲೆ ಮೊಮ್ಮಗನ ಉಚ್ಚೆಬಟ್ಟೆಗಳು ಒಣಗುತ್ತಿವೆ.