ಸಂಗಿಲಿ ಗಾಡಿ ಕಣ ಬಿಟ್ಟದ್ದು

ಯುದ್ಧಗಳು ಮುಗಿಯುತ್ತವೆ, ಸಾಮ್ರಾಜ್ಯಗಳು ಅಳಿಯುತ್ತವೆ. ಯುದ್ಧಕ್ಕೆಂದು ಮಾಡಿದ ಕಬ್ಬಿಣ ಮಾತ್ರ ಮನುಷ್ಯನ ಅಹಂಕಾರಕ್ಕೆ ಸಾಕ್ಷಿಯಾಗಿ ತಲೆಮಾರುಗಳ ಕಾಲ ನಿಂತಿರುತ್ತದೆ. ನಮ್ಮ ಮನೆಯ ಸಾಕ್ಷಿಯೊಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು.

ಕೊಯಮತ್ತೂರಿನ ಹತ್ತಿರದ ಸೂಲೂರಿನಿಂದ ಒಳಕ್ಕೆ ಹೋಗುವ ದಾರಿಯಲ್ಲಿ ನಮ್ಮ ತೋಟ. ಮನೆಯ ಮುಂದೆ ಕೊಬ್ಬರಿ ಒಣಗಿಸುವ ಕಣ, ಕಣದ ಮೂಲೆಯಲ್ಲಿ ಬೇವಿನ ಮರ, ಮರದ ಕೆಳಗೆ ಆ ಗಾಡಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯದವರು ಬೇಡದ ಸಾಮಾನನ್ನು ಹರಾಜು ಹಾಕಿದಾಗ ತಾತ ಕೊಂಡು ತಂದದ್ದು. ಮೇಲೆ ಮುಚ್ಚಳವಿಲ್ಲದ, ನೀರಿನ ತೊಟ್ಟಿಯಂಥ ಉಕ್ಕಿನ ಒಡಲು. ಎರಡೂ ಬದಿಯಲ್ಲಿ ಸಾಲು ಚಕ್ರಗಳು, ಆ ಚಕ್ರಗಳನ್ನು ಸುತ್ತಿಕೊಂಡ ಕಬ್ಬಿಣದ ಪಟ್ಟಿ. ಊರಿನವರಿಗೆ ಅದು ಟ್ಯಾಂಕು. ಮನೆಯಲ್ಲಿ ಸಂಗಿಲಿ ಗಾಡಿ, ಅಂದರೆ ಸರಪಳಿಯ ಗಾಡಿ. ಯಾವ ಗಡಿಯಲ್ಲಿ ಶತ್ರುವನ್ನು ನಡುಗಿಸಬೇಕಿತ್ತೋ ಗೊತ್ತಿಲ್ಲ, ನಮ್ಮಲ್ಲಿಗೆ ಬಂದು ತೆಂಗಿನ ಬುಡಗಳನ್ನು ಕಿತ್ತಿತು. ತಾತನ ನಂತರ ಅಪ್ಪ ಓಡಿಸಿದರು. ಒಂದು ಬೇಸಿಗೆಯಲ್ಲಿ ಎಂಜಿನ್ ಬಿಗಿದುಕೊಂಡಿತು. ಎತ್ತು ಕಟ್ಟಿ ಎಳೆಸಿ ಬೇವಿನ ನೆರಳಿನಲ್ಲಿ ನಿಲ್ಲಿಸಿದರು. ಅಲ್ಲಿಂದ ಮುಂದೆ ಅದಕ್ಕೆ ನಿದ್ದೆ.

ಆ ನಿದ್ದೆಯ ಬಗ್ಗೆ ನನ್ನ ಅಣ್ಣನಿಗೆ ಒಂದು ತಕರಾರಿತ್ತು. ಹುಡುಗನಾಗಿದ್ದಾಗ ಅವನು ಅಪ್ಪನ ಪಕ್ಕದಲ್ಲಿ ಕೂತು ತೋಟ ಸುತ್ತುತ್ತಿದ್ದ. ನಾನು ಓಡಿಸಲಾ ಎಂದು ಕೇಳಿದಾಗಲೆಲ್ಲ ಅಪ್ಪನದು ಒಂದೇ ಉತ್ತರ: "ಕಾಲು ಎಟುಕ್ಲಿ, ಕೊಡ್ತೀನಿ." ಕಾಲು ಎಟುಕುವ ಹೊತ್ತಿಗೆ ಗಾಡಿ ನಿಂತಿತು. ಈಗ ಅಣ್ಣನಿಗೆ ಎಪ್ಪತ್ತು ದಾಟಿದೆ. ಕಾಲು ಧಾರಾಳವಾಗಿ ಎಟುಕುತ್ತದೆ, ಮಂಡಿ ಮಡಚುವುದಿಲ್ಲ. ಒಂದೇ ಒಂದು ಸಲ ಅದನ್ನು ತಾನೇ ಓಡಿಸಬೇಕೆಂಬ ಆಸೆಯನ್ನು ಅವನು ಯಾರಿಗೂ ಹೇಳಿರಲಿಲ್ಲ. ಆದ್ದರಿಂದ ಅದು ಎಲ್ಲರಿಗೂ ಗೊತ್ತಿತ್ತು.

ನಾನು ಸಿಂಗಾನಲ್ಲೂರಿನ ಕಡೆ ಒಂದು ನೂಲಿನ ಮಿಲ್ಲಿನಲ್ಲಿ ಫಿಟ್ಟರಾಗಿ ಸೇರಿ ಫೋರ್‌ಮನ್ ಆಗಿ ನಿವೃತ್ತನಾದವನು. ನಿವೃತ್ತ ಫೋರ್‌ಮನ್ ಎಂದರೆ ಬೈಗುಳವೆಲ್ಲ ಉಳಿದು, ಬೈಸಿಕೊಳ್ಳುವವರು ಉಳಿಯದ ಮನುಷ್ಯ. ತೋಟಕ್ಕೆ ಬಂದು ಗಾಡಿಗೆ ಕೈಹಾಕಿದೆ.

ಅತ್ತಿಗೆ ಅಂದೇ ತೀರ್ಪು ಕೊಟ್ಟರು. ಕೊಬ್ಬರಿ ವ್ಯವಹಾರ ಅವರದು. ಅವರಿಗೆ ಕಣ ಪೂರ್ತಿ ಬೇಕು. "ಏನುಂಗ," ಎಂದು ಶುರು ಮಾಡಿದರು. ಗಂಡನನ್ನು ಕರೆಯುವುದು ಹಾಗೆಯೇ. ನಮ್ಮ ಮನೆಯಲ್ಲಿ ಮರ್ಯಾದೆ ತಮಿಳಿನಲ್ಲಿ, ಗದರಿಕೆ ಕನ್ನಡದಲ್ಲಿ. "ವಿಜಯದಶಮಿ ಸಂಜೆ ಒಳಗೆ ಅದು ತನ್ನ ಕಾಲಲ್ಲೇ ಎದ್ದು ಕಣ ಬಿಟ್ಟು ಹೋಗ್ಬೇಕು. ಇಲ್ಲಾಂದ್ರೆ ಮರುದಿನ ಹಳೇ ಕಬ್ಬಿಣದವನ್ನ ಕರೀತೀನಿ."

"ಟ್ರ್ಯಾಕ್ಟರ್ ಕಟ್ಟಿ ಆಚೆ ಎಳೆದ್ರೆ ಆಗಲ್ವಾ?" ಎಂದ ಅಣ್ಣ.

"ಎಳೆಯೋದಾದ್ರೆ ಅವನೇ ಎಳ್ಕೊಂಡು ಹೋಗ್ತಾನೆ. ನಿಮಗ್ಯಾಕೆ ಕಷ್ಟ?"

ಆ ಬೇಸಿಗೆ, ಆ ಮಳೆಗಾಲ ನನಗೀಗ ಬಿಡಿಬಿಡಿಯಾಗಿ ನೆನಪಿಗೆ ಬರುವುದಿಲ್ಲ. ಒಂದೇ ಉದ್ದನೆಯ ಮಧ್ಯಾಹ್ನದ ಹಾಗಿದೆ. ಊಟ ಮುಗಿಸಿ ಬಂದು ಕೂತರೆ ಬೇವಿನ ಹೂವು ಒಂದೊಂದಾಗಿ ಗಾಡಿಯೊಳಗೆ ಬೀಳುತ್ತಿತ್ತು. ಸೀಟಿದ್ದ ಜಾಗದಲ್ಲಿ ಎಷ್ಟೋ ವರ್ಷದ ಎಲೆ ಕೊಳೆತು ಮೆತ್ತನೆಯ ಕರಿ ಮಣ್ಣಾಗಿತ್ತು. ಅದನ್ನು ತೆಗೆದರೆ ಕೆಳಗೆ ಒಂದು ಹಾವಿನ ಪೊರೆ, ಪೂರ್ತಿಯಾಗಿ, ಯಾರೋ ಮಡಿಸಿಟ್ಟ ಪಂಚೆಯಂತೆ. ತುಕ್ಕು ಕೆರೆದಾಗ ಎದ್ದ ಕೆಂಪು ಪುಡಿ ಬಿಸಿಲಿನಲ್ಲಿ ತೇಲುತ್ತ ನಮ್ಮಿಬ್ಬರ ಹುಬ್ಬಿನ ಮೇಲೆ ಕೂರುತ್ತಿತ್ತು. ಸೂಲೂರಿನ ವಾಯುಪಡೆಯ ವಿಮಾನಗಳು ಮೇಲೆ ಹೋದಾಗ ನೆರಳೊಂದು ಕಣದ ಮೇಲೆ, ಗಾಡಿಯ ಮೇಲೆ, ಅಣ್ಣನ ಬೋಳುತಲೆಯ ಮೇಲೆ ಹಾದು ಹೋಗುತ್ತಿತ್ತು. ಇವತ್ತಿನ ಸೈನ್ಯ ನಿನ್ನೆಯ ಸೈನ್ಯವನ್ನು ನೋಡಿಕೊಂಡು ಹೋಯಿತು ಎಂದು ನಾನು ಗಂಭೀರವಾಗಿ ಹೇಳುತ್ತಿದ್ದೆ. ಅಣ್ಣ ಗೊರಕೆ ಹೊಡೆಯುತ್ತಿದ್ದ.

ಕೊಯಮತ್ತೂರಿನಲ್ಲಿ ಒಂದು ಅನುಕೂಲವಿದೆ. ನಿಮ್ಮ ಕೈಯಲ್ಲಿ ಒಡೆದ ಕಬ್ಬಿಣ ಇದ್ದರೆ, ಇದು ಯಾವುದರದ್ದು ಎಂದು ಯಾರೂ ಕೇಳುವುದಿಲ್ಲ. ಎಷ್ಟು ಬೇಕು ಎನ್ನುತ್ತಾರೆ. ಪಟ್ಟಿಯ ಸೀಳುಬಿಟ್ಟ ಕೊಂಡಿಗಳ ಬದಲಿಗೆ ಪಂಪು ಮಾಡುವ ಫೌಂಡ್ರಿಯಲ್ಲಿ ಹೊಸವನ್ನು ಎರಕ ಹೊಯ್ಸಿದೆ. ಕೊಂಡಿಗಳನ್ನು ಜೋಡಿಸುವ ಪಿನ್ನುಗಳು ಒಂದು ಲೇತಿನ ಅಂಗಡಿಯಲ್ಲಿ ಆದವು. ಸೀಮೆಎಣ್ಣೆಯನ್ನೂ ಆಯಿಲನ್ನೂ ವಾರಗಟ್ಟಲೆ ಕುಡಿದ ಎಂಜಿನ್ ಒಂದು ದಿನ ಸಡಿಲಿತು; ಇನ್ನೊಂದು ದಿನ, ನಾವು ನಂಬಿಕೆ ಬಿಟ್ಟು ಮಜ್ಜಿಗೆ ಕುಡಿಯಲು ಹೊರಟಾಗ, ಹೊತ್ತಿಕೊಂಡಿತು. ಕೋಳಿಗಳು ತಾಯ್ನಾಡು ಬಿಟ್ಟು ಓಡಿದವು. ಅಣ್ಣ ಕಣ್ಣು ಮುಚ್ಚಿ ನಿಂತುಬಿಟ್ಟ.

"ಅಪ್ಪ ಕೆಮ್ಮಿದ ಹಾಗೇ ಇದೆ ತಂಬಿ," ಎಂದ.

ಕೊನೆಗೆ ಪಟ್ಟಿ ಏರಿಸುವ ದಿನ ಬಂತು. ಮುಂದಿನ ಚಕ್ರವನ್ನು ಬೋಲ್ಟು ತಿರುಗಿಸಿ ಮುಂದಕ್ಕೆ ತಳ್ಳಿದರೆ ಪಟ್ಟಿ ಬಿಗಿಯಾಗುತ್ತದೆ. ನಾನು ತಿರುಗಿಸತೊಡಗಿದೆ.

"ಅಪ್ಪ ಇಷ್ಟು ಬಿಗಿ ಮಾಡ್ತಿರ್ಲಿಲ್ಲ," ಎಂದ ಅಣ್ಣ. "ಮೇಲಿನ ಪಟ್ಟಿ ತೊಟ್ಟಿಲ ಹಗ್ಗದ ಥರ ಜೋತಿರ್ತಿತ್ತು."

"ಅದಕ್ಕೇ ಅಣ್ಣಾ ಅದು ನಿಂತಿದ್ದು."

ಮಿಲ್ಲಿನಲ್ಲಿ ಬಾಳಿದವರ ಧರ್ಮ ಇದು: ಬೆಲ್ಟು ಸಡಿಲವಾದರೆ ಕದಿರು ಸೋಮಾರಿಯಾಗುತ್ತದೆ, ನೂಲಿನ ಹುರಿ ಸಡಿಲುತ್ತದೆ, ಫಿಟ್ಟರನ ಮಾನ ಹೋಗುತ್ತದೆ. ಹೆಬ್ಬೆರಳಿನಿಂದ ಒತ್ತಿದಾಗ ಬೆಲ್ಟು ತಗ್ಗಬಾರದು. ನನ್ನ ಹೆಬ್ಬೆರಳಿಗೆ ಬೇರೆ ವೇದಾಂತ ತಿಳಿಯದು. ಸ್ಪಾನರಿನಿಂದ ತಟ್ಟಿದರೆ ಟಿಣ್ ಎನ್ನುವವರೆಗೂ ಬಿಗಿದೆ. ಗಾಡಿ ಅವನದ್ದಾದರೂ ಫೋರ್‌ಮನ್ ನಾನು.

ಆಯುಧ ಪೂಜೆಯ ಬೆಳಿಗ್ಗೆ ಗಾಡಿಗೆ ಗಂಧ, ಕುಂಕುಮ, ಸೇವಂತಿಗೆ ಹಾರ. ಅತ್ತಿಗೆ ಒಂದು ಬುಟ್ಟಿ ನಿಂಬೆಹಣ್ಣು ತಂದರು.

"ಚಕ್ರಕ್ಕೊಂದು ಇಡಿ."

"ಚಕ್ರ ನೆಲಕ್ಕೆ ತಾಗೋದೇ ಇಲ್ಲ," ಎಂದ ಅಣ್ಣ. "ಪಟ್ಟಿ ಮೇಲೆ ಓಡ್ತದೆ."

"ನೆಲಕ್ಕೆ ತಾಗದ ಚಕ್ರ ಯಾವ ಊರಲ್ಲುಂಗ ಇದೆ? ನಿಂಬೆಹಣ್ಣು ನಜ್ಜಾಗ್ಬೇಕಾ ಬೇಡ್ವಾ?"

ಶಾಸ್ತ್ರದಲ್ಲಿ ಇದಕ್ಕೆ ಪರಿಹಾರವಿರಲಿಲ್ಲ. ಬಹಳ ಹೊತ್ತು ಚರ್ಚಿಸಿ, ಎರಡೂ ಪಟ್ಟಿಗಳ ಮುಂದೆ ಹಣ್ಣುಗಳನ್ನು ಸಾಲಾಗಿ ಇಟ್ಟೆವು. ಅಣ್ಣನನ್ನು ನಾನು ಹಿಂದಿನಿಂದ ನೂಕಿದೆ; ಅವನು ತನ್ನ ಮಂಡಿಯನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡು, ಅಂತೂ ಕೂತ. ಕಾಲು ಎಟುಕಿತು. ಅದನ್ನು ಅವನು ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡದ್ದನ್ನು ನಾನು ಕಂಡೆ.

ಗಾಡಿ ಅಲುಗಿತು. ನಿಂಬೆಹಣ್ಣಿನ ವಾಸನೆ, ಪೆಟ್ರೋಲಿನ ಹೊಗೆ, ಸೇವಂತಿಗೆ ಎಲ್ಲ ಸೇರಿ ಯಾವುದೋ ಹಳೆಯ ಬೆಳಗು ವಾಪಸು ಬಂದಂತಾಯಿತು. ಅಷ್ಟು ಭಾರದ ವಸ್ತು ಅಷ್ಟು ನಿಧಾನವಾಗಿ ನಡೆದಾಗ ಅದು ಸಾಗುತ್ತಿದೆ ಅನಿಸಲಿಲ್ಲ. ಮನೆ, ಮರ, ತೆಂಗಿನ ಸಾಲು ಇವೇ ಮೆಲ್ಲಗೆ ಅಣ್ಣನ ಹಿಂದಕ್ಕೆ ಹರಿದು ಹೋಗುತ್ತಿದ್ದವು. ಅವನ ಪಕ್ಕದ ಖಾಲಿ ಜಾಗದಲ್ಲಿ ಹೂವಿನ ಹಾರದ ತುದಿ ಜಾರಿ ಬಿದ್ದಿತ್ತು. ಅಣ್ಣ ಆ ಕಡೆಗೊಮ್ಮೆ ತಿರುಗಿ ಏನೋ ಅಂದ. ನನಗೆ ಹೇಳಿದ್ದಲ್ಲ.

ಕಣದ ನಡುವೆ ಬಂದು, ಕಣದಾಚೆಯ ಬಾವಿಯ ಕಡೆಗೆ ತಿರುಗಿಸಿದ. ಟಿಣ್ ಎಂದಿತು. ಬಿಗಿ ತಾಳದೆ ಪಿನ್ನು ಮುರಿದು, ಎಡಗಡೆಯ ಪಟ್ಟಿ ಕಳಚಿ, ಬಿಚ್ಚಿದ ಚಾಪೆಯಂತೆ ಹಿಂದೆ ಉದ್ದಕ್ಕೆ ಮಲಗಿತು.

ಅತ್ತಿಗೆ ಸುತ್ತ ಒಂದು ಪ್ರದಕ್ಷಿಣೆ ಬಂದರು. "ಮೂಲೇಲಿ ಇದ್ದದ್ದನ್ನ ನಡುವಿಗೆ ತಂದ್ರಿ. ಪರವಾಯಿಲ್ಲ, ಒಳ್ಳೇ ರಿಪೇರಿ."

ಅಣ್ಣ ಇಳಿಯಲಿಲ್ಲ. ಇಳಿಸಲು ಇಬ್ಬರು ಬೇಕಾಗಿತ್ತು ಎಂಬುದೂ ಒಂದು ಕಾರಣ. ಸ್ಟೀರಿಂಗ್ ಹಿಡಿದುಕೊಂಡೇ ಹೇಳಿದ: "ನಾಳೆ ಸಂಜೆವರೆಗೆ ಟೈಮ್ ಇದೆ ತಂಬಿ." ತಪ್ಪು ನಿನ್ನದು ಎನ್ನಲಿಲ್ಲ. ಅಂದಿದ್ದರೆ ವಾದಿಸಬಹುದಿತ್ತು.

ವಿಜಯದಶಮಿಯ ಬೆಳಿಗ್ಗೆ ಉಳಿದಿದ್ದ ಹೊಸ ಪಿನ್ನು ಹಾಕಿ, ಬೋಲ್ಟುಗಳನ್ನು ಹಿಂದಕ್ಕೆ ತಿರುಗಿಸಿದೆ. ಪಟ್ಟಿ ಚಕ್ರಗಳ ನಡುವೆ ಜೋತುಬಿತ್ತು. ಸಂತೆಯಲ್ಲಿ ಪಂಚೆ ಸಡಿಲಿದವನ ಹಾಗೆ ನನಗೆ ನಾಚಿಕೆಯಾಯಿತು. ಇನ್ನೊಂದೇ ಸುತ್ತು ಬಿಗಿ ಮಾಡೋಣ ಎಂದು ಕೈ ಮತ್ತೆ ಮತ್ತೆ ಸ್ಪಾನರಿಗೆ ಹೋಯಿತು.

"ಬಿಡು," ಎಂದ ಅಣ್ಣ. "ತೊಟ್ಟಿಲ ಹಗ್ಗ."

"ತೊಟ್ಟಿಲ ಹಗ್ಗ," ಎಂದು ಒಪ್ಪಿಕೊಂಡು ಸ್ಪಾನರನ್ನು ದೂರ ಇಟ್ಟು ಬಂದೆ.

ಅಣ್ಣನನ್ನು ಹತ್ತಿಸುವಾಗ ಅತ್ತಿಗೆ ಒಳಗಿನಿಂದ ಬಂದರು. ಎಡಗಡೆಯ ಪಟ್ಟಿಯ ಮುಂದೆ ಒಂದು ನಿಂಬೆಹಣ್ಣು ಇಟ್ಟರು. "ಚಿತ್ರಾನ್ನಕ್ಕೆ ಇಟ್ಕೊಂಡಿದ್ದು. ಇನ್ನು ಮೊಸರನ್ನವೇ ಗತಿ," ಎಂದು ಹೇಳಿ ಕಣದ ಅಂಚಿಗೆ ಹೋಗಿ ನಿಂತರು.

ಎಂಜಿನ್ ಕೆಮ್ಮಿತು. ಗಾಡಿ ತಿರುಗಿತು. ಮೇಲಿನ ಪಟ್ಟಿ ಅಲೆಯ ಹಾಗೆ ಮೆಲ್ಲಗೆ ತೂಗುತ್ತ ಹೋಯಿತು. ಕಣದ ಅಂಚಿನ ಕಲ್ಲು ದಾಟುವಾಗ ಮುಂಭಾಗ ಒಮ್ಮೆ ಆಕಾಶ ನೋಡಿ ತಗ್ಗಿತು. ಅತ್ತಿಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಅಣ್ಣ ಬಾವಿಯವರೆಗೆ ಓಡಿಸಿದ. ರಿವರ್ಸ್ ಗೇರ್ ಬೀಳುವುದಿಲ್ಲ. ಗಾಡಿ ಈಗ ಬಾವಿಯ ಪಕ್ಕದಲ್ಲಿದೆ. ಕಣದಲ್ಲಿ ಕೊಬ್ಬರಿ ಒಣಗುತ್ತಿದೆ.